ಸಂಘ ದೊಡ್ಡದೋ, ಸದಸ್ಯ ದೊಡ್ಡವನೋ?

ಪ್ರಶ್ನೆ: ಮೇಡಂ, ನಾನು ಒಂದು ಪರಸ್ಪರ ಸಹಾಯ ಸಂಘದ ಜಂಟಿ ಕಾರ್ಯದರ್ಶಿ. ಸದಸ್ಯರು ಪ್ರತಿ ತಿಂಗಳು ವಂತಿಗೆ ಕಟ್ಟುತ್ತಾರೆ. ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಮನೆಯಲ್ಲಿ ಸಾವಾದರೆ ಆ ನಿಧಿಯಿಂದ ನೆರವು ಸಿಗುತ್ತದೆ. 19 ವರ್ಷ ವಂತಿಗೆ ಕಟ್ಟಿದ್ದ ಒಬ್ಬ ಸದಸ್ಯರನ್ನು ಕಳೆದ ವರ್ಷ ತೆಗೆದುಹಾಕಿದೆವು. ಸಂಘದ ಒಂದು ನಿರ್ಧಾರ ತಪ್ಪು ಅಂತ ಅವರು ಹೊರಗಿನವರ ಮುಂದೆ ಹೇಳಿದ್ದರು. 'ಸಂಘದ ಒಗ್ಗಟ್ಟಿಗೆ ಧಕ್ಕೆ ತಂದವರ ಸದಸ್ಯತ್ವ ರದ್ದು, ಕಟ್ಟಿದ ಹಣಕ್ಕೆ ಹಕ್ಕಿಲ್ಲ' ಅಂತ ನಮ್ಮ ಬೈಲಾದಲ್ಲಿದೆ. ಅವರಿಗೆ ಬಿಡಿಗಾಸೂ ಸಿಗಲಿಲ್ಲ. ಈಗ ಬೈಲಾ ತಿದ್ದುವ ಕೆಲಸ ನನ್ನ ತಲೆಗೆ ಬಂದಿದೆ. ಸಭೆಯಲ್ಲಿ ನಾನು ವ್ಯಕ್ತಿಯ ಸ್ವಾತಂತ್ರ್ಯದ ಮಾತೆತ್ತಿದೆ. ಹಿರಿಯ ಸದಸ್ಯರೊಬ್ಬರು, "ನಿಮ್ಮ ಉದಾರವಾದದ ಮನುಷ್ಯನಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಅಕ್ಕಪಕ್ಕದವರಿಲ್ಲ. ರಾತ್ರೋರಾತ್ರಿ ಅಣಬೆ ಹಾಗೆ ಎದ್ದವನು. ಅಂಥವನನ್ನು ಇಟ್ಟುಕೊಂಡು ಸಂಘ ಕಟ್ಟೋಕಾಗಲ್ಲ" ಅಂದರು. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವರ ಮಾತಿನಲ್ಲೂ ಅರ್ಥ ಇದೆ ಅನ್ನಿಸಿತು. ನಾನು ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಪಕ್ಕ ಕೂತಿದ್ದು ಇದೇ ಸಂಘದವರು. ಉದಾರವಾದ ಅಂದರೆ ಒಬ್ಬಂಟಿಯ ತತ್ವವೇ? ವ್ಯಕ್ತಿಗೆ ಎಷ್ಟು, ಸಮುದಾಯಕ್ಕೆ ಎಷ್ಟು ಅಂತ ಅಳೆಯುವುದು ಹೇಗೆ?

ಉತ್ತರ: ಆ ಹಿರಿಯರಿಗೆ ಗೊತ್ತಿತ್ತೋ ಇಲ್ಲವೋ, ಅಣಬೆಯ ಹೋಲಿಕೆ ತುಂಬ ಹಳೆಯದು. 1642ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಮಾತಿದೆ. ಮನುಷ್ಯರು ಅಣಬೆಗಳ ಹಾಗೆ ದಿಢೀರನೆ ನೆಲದಿಂದ ಎದ್ದವರು, ಒಬ್ಬರಿಗೊಬ್ಬರು ಯಾವ ಋಣವೂ ಇಲ್ಲದವರು ಅಂತ ಊಹಿಸಿಕೊಳ್ಳೋಣ ಅನ್ನುತ್ತಾನೆ ಅವನು. ತಮಾಷೆ ಏನೆಂದರೆ, ಅಲ್ಲಿಂದ ಹೊರಟ ಹಾಬ್ಸ್ ಹೋಗಿ ಮುಟ್ಟಿದ್ದು ವ್ಯಕ್ತಿಯ ಸ್ವಾತಂತ್ರ್ಯವನ್ನಲ್ಲ. ಎಲ್ಲರೂ ತಲೆಬಾಗಲೇಬೇಕಾದ ಒಬ್ಬ ಒಡೆಯನನ್ನು. ಹಾಗಾಗಿ ಅಣಬೆ ಮನುಷ್ಯನನ್ನು ಸೀದಾ ಉದಾರವಾದದ, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಮುಂದಿಡುವ ತತ್ವದ, ಖಾತೆಗೆ ಬರೆಯೋಕಾಗಲ್ಲ. ಮುಂದಿನ ಸಭೆಯಲ್ಲಿ ಬೇಕಿದ್ದರೆ ಇದನ್ನು ಹೇಳಿ. ಆದರೆ ಅಷ್ಟಕ್ಕೇ ಗೆದ್ದೆ ಅಂದುಕೊಳ್ಳಬೇಡಿ. ಅವರ ಚುಚ್ಚುಮಾತಿನ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ.

ನಿಮ್ಮ ಪತ್ರ ಓದಿದರೆ ನಿಮಗೆ ಎರಡು ಅಂಜಿಕೆ ಇದ್ದ ಹಾಗಿದೆ. ವ್ಯಕ್ತಿಯ ಪರ ನಿಂತರೆ ನಿಮ್ಮನ್ನು ಕಾಪಾಡಿದ ಸಂಘಕ್ಕೇ ದ್ರೋಹ ಮಾಡಿದ ಹಾಗಾಗುತ್ತದೇನೋ ಅನ್ನುವುದು ಒಂದು. ಸಂಘದ ಪರ ನಿಂತರೆ 19 ವರ್ಷ ಹಣ ಕಟ್ಟಿದವರನ್ನು ಬರಿಗೈಲಿ ಕಳಿಸಿದ್ದು ಸರಿ ಅಂತ ಒಪ್ಪಿದ ಹಾಗಾಗುತ್ತದೇನೋ ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಅಂಜಿಕೆಗಳೇ. ನಾನು ರಾಜಕೀಯ ತತ್ವಶಾಸ್ತ್ರ ಪಾಠ ಮಾಡಿದ್ದೇನೆ, ಸಂಘಗಳ ಬೈಲಾ ತಿದ್ದುವ ಸಮಿತಿಗಳಲ್ಲೂ ಕೂತಿದ್ದೇನೆ. ಎರಡೂ ಕಡೆ ಜನ ಎಡವುವುದು ಒಂದೇ ಕಲ್ಲಿಗೆ. ಅದನ್ನು ಆಮೇಲೆ ತೋರಿಸುತ್ತೇನೆ.

ಮೊದಲು 'ಒಬ್ಬಂಟಿಯ ತತ್ವ' ಅನ್ನುವ ಆರೋಪ ನೋಡೋಣ. ಇದು ಎಲ್ಲಿಂದ ಬಂತು? 1971ರಲ್ಲಿ ಅಮೆರಿಕದ ಜಾನ್ ರಾಲ್ಸ್ ನ್ಯಾಯದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅದರಲ್ಲಿ ಒಂದು ಯೋಚನಾ ಪ್ರಯೋಗ ಇದೆ. ನೀವು ಹುಟ್ಟುವುದು ಬಡವರ ಮನೆಯಲ್ಲೋ ಸಿರಿವಂತರ ಮನೆಯಲ್ಲೋ, ಗಂಡೋ ಹೆಣ್ಣೋ, ಯಾವ ಧರ್ಮವೋ, ಏನೇನು ಶಕ್ತಿ ಇರುತ್ತದೋ, ಯಾವುದೂ ಗೊತ್ತಿಲ್ಲ. ಕಣ್ಣಿಗೆ ಪರದೆ ಕಟ್ಟಿದ ಹಾಗೆ. ಈಗ ಹೇಳಿ, ಸಮಾಜಕ್ಕೆ ಎಂಥ ನಿಯಮ ಬೇಕು? 1982ರಲ್ಲಿ ಮೈಕೆಲ್ ಸ್ಯಾಂಡೆಲ್ ಇದಕ್ಕೆ ತಕರಾರು ತೆಗೆದರು. ಅಪ್ಪ ಅಮ್ಮ, ಭಾಷೆ, ನಂಬಿಕೆ, ನೆರೆಹೊರೆ ಎಲ್ಲವನ್ನೂ ಕಳಚಿಟ್ಟ ಮೇಲೆ ಅಲ್ಲಿ ಉಳಿಯುವವನು ಯಾರು? ಅವನು ಆರಿಸುವುದಾದರೂ ಯಾವ ಆಧಾರದ ಮೇಲೆ? ನನ್ನ ಕೆಲವು ಋಣಗಳನ್ನು ನಾನು ಆರಿಸಿಕೊಂಡಿಲ್ಲ, ಅವುಗಳಿಂದಲೇ ನಾನು ಆಗಿದ್ದೇನೆ ಅನ್ನುವುದು ಅವರ ವಾದ. ಅಲಸ್ಡೇರ್ ಮೆಕಿಂಟೈರ್, ಚಾರ್ಲ್ಸ್ ಟೇಲರ್, ಮೈಕೆಲ್ ವಾಲ್ಜರ್ ಅವರೂ ಸುಮಾರು ಅದೇ ಕಾಲದಲ್ಲಿ ಬೇರೆ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದರು. ಇವರನ್ನೆಲ್ಲ ಒಟ್ಟಿಗೆ ಸಮುದಾಯವಾದಿಗಳು ಅಂತ ಕರೆಯುವುದು ರೂಢಿ, ಅವರಿಗೆಲ್ಲ ಆ ಹೆಸರು ಇಷ್ಟವಿಲ್ಲದಿದ್ದರೂ. ನಿಮ್ಮ ಹಿರಿಯರು ಒಂದೇ ಅಣಬೆಯಲ್ಲಿ ಹೇಳಿ ಮುಗಿಸಿದ್ದು ಇದನ್ನೇ.

ಆದರೆ ರಾಲ್ಸ್ ಹೇಳಿದ್ದು ಮನುಷ್ಯ ಹಾಗಿದ್ದಾನೆ ಅಂತ ಅಲ್ಲ. ನೀವು ಕ್ರಿಕೆಟ್ ಪಂದ್ಯಕ್ಕೆ ಅಂಪೈರ್ ಆಗಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಬ್ಯಾಟ್ ಹಿಡಿದವನು ನಿಮ್ಮ ಸ್ವಂತ ತಮ್ಮ. ಚೆಂಡು ವಿಕೆಟ್ ಮುಂದೆ ಕಾಲಿಗೆ ಬಡಿಯಿತು. ಬೆರಳೆತ್ತಲೇಬೇಕು. ಆ ಹೊತ್ತಿಗೆ ತಮ್ಮ ಅನ್ನುವುದನ್ನು ಪಕ್ಕಕ್ಕಿಟ್ಟಿರಿ. ಹಾಗಂತ ನಿಮಗೆ ತಮ್ಮನೇ ಇಲ್ಲ ಅಂತ ಆಗಲಿಲ್ಲ, ಸಂಜೆ ಇಬ್ಬರೂ ಒಂದೇ ಮನೆಗೆ ಹೋಗುತ್ತೀರಿ. ರಾಲ್ಸ್ ಅವರ ಪರದೆ ಅಂಪೈರಿಂಗ್‌ಗೆ ಮಾತ್ರ. 1985ರ ಲೇಖನವೊಂದರಲ್ಲಿ ಅವರೇ ಇದನ್ನು ಬಿಡಿಸಿ ಹೇಳಿದರು: ಇದು ರಾಜಕೀಯ ನ್ಯಾಯದ ಲೆಕ್ಕ, ಮನುಷ್ಯನ ಆತ್ಮ ಎಂಥದು ಅನ್ನುವ ಸಿದ್ಧಾಂತ ಅಲ್ಲ. ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಅದೇ 1971ರ ಪುಸ್ತಕದ ಕೊನೆಯ ಭಾಗದಲ್ಲಿ ವಾದ್ಯಗಾರರ ಗುಂಪಿನ ಮಾತು ಬರುತ್ತದೆ. ಪ್ರತಿಯೊಬ್ಬರೂ ಯಾವ ವಾದ್ಯವನ್ನಾದರೂ ಕಲಿಯಬಹುದಿತ್ತು. ಒಬ್ಬೊಬ್ಬರು ಒಂದೊಂದರಲ್ಲಿ ಪಳಗಿದರು. ತಮ್ಮಲ್ಲಿ ಬೆಳೆಯದೇ ಉಳಿದದ್ದನ್ನು ಪಕ್ಕದವರ ನುಡಿಸಾಣಿಕೆಯಲ್ಲಿ ಕೇಳಿ ಖುಷಿಪಡುತ್ತಾರೆ. ಇದು ಒಬ್ಬಂಟಿ ಮನುಷ್ಯನ ಚಿತ್ರವಂತೂ ಅಲ್ಲ.

ಇನ್ನು 'ವ್ಯಕ್ತಿವಾದ ಅಂದರೆ ಸ್ವಾರ್ಥ' ಅನ್ನುವ ಮಾತು. ಇದಕ್ಕೆ ನನಗೆ ಇಷ್ಟವಾದ ಉತ್ತರ ಉದಾರವಾದಿಗಳದ್ದಲ್ಲ, ಸಮಾಜವನ್ನೇ ಜೀವನವಿಡೀ ಓದಿದ ಫ್ರಾನ್ಸಿನ ಎಮಿಲ್ ಡರ್ಕೈಮ್ ಅವರದ್ದು. 1894ರಲ್ಲಿ ಫ್ರೆಂಚ್ ಸೇನೆಯ ಯಹೂದಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಮೇಲೆ ಬೇಹುಗಾರಿಕೆಯ ಸುಳ್ಳು ಆರೋಪ ಹೊರಿಸಿ ಶಿಕ್ಷೆ ಕೊಟ್ಟರು. ಆಮೇಲೆ ಸಾಕ್ಷಿ ಸುಳ್ಳು ಅಂತ ಗೊತ್ತಾಗುತ್ತಾ ಬಂತು. ಆದರೂ ಎಷ್ಟೋ ಜನ ವಾದಿಸಿದರು: ಒಬ್ಬನಿಗೋಸ್ಕರ ಸೇನೆಯ ಮರ್ಯಾದೆ, ದೇಶದ ಒಗ್ಗಟ್ಟು ಹಾಳು ಮಾಡಬೇಕಾ? 1898ರಲ್ಲಿ ಡರ್ಕೈಮ್ ಕೊಟ್ಟ ಉತ್ತರ ಹೆಚ್ಚುಕಡಿಮೆ ಹೀಗಿದೆ. ನಾನು ಹೇಳುವ ವ್ಯಕ್ತಿವಾದ 'ನನಗೆ ನನ್ನದು' ಅನ್ನುವುದಲ್ಲ. ಯಾರೇ ಆಗಲಿ, ಮನುಷ್ಯ ಅನ್ನುವ ಕಾರಣಕ್ಕೇ ಅವನಿಗೆ ಗೌರವ ಸಲ್ಲಬೇಕು ಅನ್ನುವುದು. ಬಗೆಬಗೆಯ ಜನ ಸೇರಿದ ಈಗಿನ ಸಮಾಜವನ್ನು ಹಿಡಿದಿಟ್ಟಿರುವ ನಂಬಿಕೆಯೇ ಅದು. ಅದನ್ನು ಮುರಿದು ಒಗ್ಗಟ್ಟು ಉಳಿಸುತ್ತೇವೆ ಅನ್ನುವವರು ಕೂತ ಕೊಂಬೆಯನ್ನೇ ಕಡಿಯುತ್ತಿದ್ದಾರೆ. (ಕೊಂಬೆ ನನ್ನದು, ವಾದ ಅವರದು.) ಡ್ರೇಫಸ್ ನಿರಪರಾಧಿ ಅಂತ ನ್ಯಾಯಾಲಯ ಒಪ್ಪಿದ್ದು 1906ರಲ್ಲಿ.

ನಿಮ್ಮ ಬೈಲಾದಲ್ಲಿರುವ 'ಒಗ್ಗಟ್ಟಿಗೆ ಧಕ್ಕೆ' ಓದಿದಾಗ ನನಗೆ ನೆನಪಾಗಿದ್ದು ಈ ಪ್ರಸಂಗವೇ. ನಿಮ್ಮ ಸಂಘ ಅಷ್ಟು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಆ ಪದದ ಚಾಳಿಯೇ ಹಾಗೆ. ಯಾರ ಮೇಲೆ ಬೇಕಾದರೂ ಎಸೆಯಬಹುದು.

ಹಾಗಾದರೆ ಹಿರಿಯರ ಮಾತು ಪೂರ್ತಿ ಸುಳ್ಳಾ? ಅಲ್ಲ. 1840ರಲ್ಲಿ ಫ್ರಾನ್ಸಿನ ಚಿಂತಕ ಅಲೆಕ್ಸಿ ಡಿ ಟೋಕ್ವಿಲ್ ಅಮೆರಿಕದ ಬಗ್ಗೆ ಬರೆಯುತ್ತಾ ಸ್ವಾರ್ಥ ಬೇರೆ, ವ್ಯಕ್ತಿವಾದ ಬೇರೆ ಅಂದಿದ್ದ. ಸ್ವಾರ್ಥ ಕುರುಡು. ವ್ಯಕ್ತಿವಾದ ತಣ್ಣಗಿರುತ್ತದೆ. ಅದು ಮನುಷ್ಯನನ್ನು ಮೆಲ್ಲಗೆ ತನ್ನ ಮನೆ, ತನ್ನ ನಾಲ್ಕು ಗೆಳೆಯರ ಒಳಗೆ ಸೇರಿಸಿ ಊರಿನ ಬಾಗಿಲು ಹಾಕಿಬಿಡುತ್ತದೆ. ಇದಕ್ಕೆ ಮದ್ದು ಅಂತ ಅವನು ತೋರಿಸಿದ್ದು ಸಂಘಗಳನ್ನೇ. ಜನ ಸಣ್ಣಪುಟ್ಟ ಕೆಲಸಕ್ಕೂ ತಾವಾಗಿ ಸೇರಿ ಸಂಘ ಕಟ್ಟಿಕೊಳ್ಳುವುದು ಅವನಿಗೆ ತುಂಬ ಹಿಡಿಸಿತ್ತು. ನಿಮ್ಮ ಪಕ್ಕ ಆಸ್ಪತ್ರೆಯಲ್ಲಿ ಕೂತಿದ್ದವರು ಆ ಮದ್ದು. ಅದನ್ನು ಹಗುರವಾಗಿ ನೋಡುವ ಉದಾರವಾದ ನನಗೂ ಬೇಡ.

ಈ ಜಗಳದ ಬಗ್ಗೆ ವಾಲ್ಜರ್ 1990ರಲ್ಲಿ ಒಂದು ಚುರುಕಾದ ಮಾತು ಹೇಳಿದರು. ಸಮುದಾಯವಾದಿಗಳು ಎರಡು ದೂರು ಕೊಡುತ್ತಾರೆ. ಒಂದು, ಉದಾರವಾದದಿಂದ ನಾವೆಲ್ಲ ನಿಜಕ್ಕೂ ಒಂಟಿಯಾಗಿಬಿಟ್ಟಿದ್ದೇವೆ. ಎರಡು, ನಾವು ಒಂಟಿ ಅಂತ ಉದಾರವಾದ ಹೇಳುವುದು ಸುಳ್ಳು, ನಿಜದಲ್ಲಿ ನಾವು ಕೂಡಿ ಬಾಳುವವರು. ಎರಡೂ ಪೂರ್ತಿ ನಿಜವಾಗಿರೋಕೆ ಸಾಧ್ಯವಿಲ್ಲ ಅಲ್ವಾ? ಎರಡರಲ್ಲೂ ಅಷ್ಟಷ್ಟು ನಿಜ ಇದೆ ಅಂತ ಅವರೇ ಒಪ್ಪುತ್ತಾರೆ. ನಿಮ್ಮ ಸಭೆಯಲ್ಲೂ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಇರುತ್ತಾರೆ. ಗಮನಿಸಿ ನೋಡಿ.

ಈಗ ಆ ಕಲ್ಲಿನ ವಿಷಯ. 'ವ್ಯಕ್ತಿಗೆ ಎಷ್ಟು, ಸಮುದಾಯಕ್ಕೆ ಎಷ್ಟು' ಅಂತ ಕೇಳಿದಿರಿ. ಈ ಪ್ರಶ್ನೆಯೊಳಗೆ ಒಂದು ತಕ್ಕಡಿ ಇದೆ. ಒಂದು ತಟ್ಟೆ ಮೇಲೆ ಹೋದರೆ ಇನ್ನೊಂದು ಕೆಳಗೆ ಬರಲೇಬೇಕು. ಎಲ್ಲರೂ ಎಡವುವುದು ಇಲ್ಲೇ. ಯಾಕೆ ಅಂತ ಒಂದು ಪ್ರಕರಣದಲ್ಲಿ ತೋರಿಸುತ್ತೇನೆ.

ಸಾಂಡ್ರಾ ಲವ್‌ಲೇಸ್ ಕೆನಡಾದ ಮಾಲಿಸೀಟ್ ಮೂಲನಿವಾಸಿ ಹೆಣ್ಣುಮಗಳು. 1970ರಲ್ಲಿ ಸಮುದಾಯದ ಹೊರಗಿನವರನ್ನು ಮದುವೆಯಾದರು. ಆಗಿನ ಕಾಯ್ದೆಯಲ್ಲಿ ಮೂಲನಿವಾಸಿ ಗಂಡಸು ಹೊರಗಿನವಳನ್ನು ಮದುವೆಯಾದರೆ ಅವನಿಗೇನೂ ಆಗುತ್ತಿರಲಿಲ್ಲ. ಹೆಂಗಸು ಮದುವೆಯಾದರೆ ಅವಳ ಮೂಲನಿವಾಸಿ ಸ್ಥಾನವೇ ಹೋಗುತ್ತಿತ್ತು. ಮದುವೆ ಮುರಿದ ಮೇಲೆ ಅವರು ಹುಟ್ಟಿ ಬೆಳೆದ ಟೋಬಿಕ್ ಎಂಬ ಮೂಲನಿವಾಸಿ ನೆಲೆಗೆ ವಾಪಸ್ ಬಂದರೆ ಅಲ್ಲಿ ನೆಲೆಸಲು ಹಕ್ಕಿಲ್ಲ. ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 1981ರಲ್ಲಿ ಸಮಿತಿ ಅವರ ಪರ ನಿಂತಿತು. ತನ್ನ ಗುಂಪಿನ ಇತರರ ಜೊತೆ ಕೂಡಿ ತನ್ನ ಸಂಸ್ಕೃತಿಯನ್ನು ಬಾಳುವ ಅವರ ಹಕ್ಕಿಗೆ ಚ್ಯುತಿಯಾಗಿದೆ ಅಂದಿತು. 1985ರಲ್ಲಿ ಕೆನಡಾ ಕಾಯ್ದೆ ಬದಲಿಸಿತು.

ಇದನ್ನು ತಕ್ಕಡಿಯಲ್ಲಿ ತೂಗಿ ನೋಡೋಣ. ಇದು ವ್ಯಕ್ತಿಯ ಹಕ್ಕಾ? ಹೌದು, ಒಬ್ಬ ಹೆಂಗಸಿನ ಹಕ್ಕು. ಅದನ್ನು ಅವರು ಕೇಳಿದ್ದು ಯಾಕೆ? ಒಂಟಿಯಾಗಿ ಇರೋಕಲ್ಲ, ತನ್ನವರ ಜೊತೆ ಇರೋಕೆ. ಯಾವ ತಟ್ಟೆಗೆ ಹಾಕುತ್ತೀರಿ? ತಕ್ಕಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟೋ ಸಲ ಸಮುದಾಯ ಬೇಕಾಗಿರುವ ವ್ಯಕ್ತಿಯೇ ಸಮುದಾಯದ ಯಾವುದೋ ನಿಯಮದ ಎದುರು ನಿಂತಿರುತ್ತಾರೆ. ನಿಮ್ಮ 19 ವರ್ಷದ ಸದಸ್ಯರನ್ನೇ ನೋಡಿ. ಸಂಘ ಬೇಡ ಅನ್ನುವವರು ಅದರ ನಿರ್ಧಾರ ಸರಿಯೋ ತಪ್ಪೋ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ, ಸುಮ್ನೆ ವಂತಿಗೆ ಕಟ್ಟುವುದನ್ನು ನಿಲ್ಲಿಸುತ್ತಾರೆ.

ಹಾಗಾಗಿ ನಾನು ತಕ್ಕಡಿ ಬಿಟ್ಟು ಮನೆಯ ಹಾಗೆ ನೋಡುತ್ತೇನೆ. ಬಾಗಿಲು ಹೇಗಿದೆ? ಹೊರಗೆ ಹೋಗುವವರು ಏನು ಕಳೆದುಕೊಳ್ಳುತ್ತಾರೆ? ಒಳಗಿರುವವರಲ್ಲಿ ಮಾತಾಡಲು ಯಾರಿಗೆ ಜಾಗ ಇದೆ?

ಬಾಗಿಲಿನ ಬಗ್ಗೆ ಸ್ಪಷ್ಟವಾಗಿ ಬರೆದ ಮೊದಲಿಗರಲ್ಲಿ ಒಬ್ಬ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. 1689ರಲ್ಲಿ ಪ್ರಕಟವಾದ ಸಹಿಷ್ಣುತೆಯ ಪತ್ರದಲ್ಲಿ, ಚರ್ಚ್ ಅಂದರೆ ಜನ ತಾವಾಗಿ ಸೇರಿದ ಸಂಘ, ಹುಟ್ಟಿನಿಂದಲೇ ಯಾರೂ ಅದರ ಸದಸ್ಯರಲ್ಲ ಅನ್ನುತ್ತಾನೆ. ನಿಯಮ ಪಾಲಿಸದವರನ್ನು ಹೊರಹಾಕುವ ಹಕ್ಕು ಸಂಘಕ್ಕಿದೆ. ಇದನ್ನು ಲಾಕ್ ಒಪ್ಪುತ್ತಾನೆ, ನಾನೂ ಒಪ್ಪುತ್ತೇನೆ. ಆದರೆ ಹೊರಹಾಕುವಾಗ ಆ ಮನುಷ್ಯನ ಮೈಗೂ ಆಸ್ತಿಗೂ ಹಾನಿಯಾಗಕೂಡದು. ಇಲ್ಲಿ ಅವನು ಒಂದು ಪುಟ್ಟ ಉದಾಹರಣೆ ಕೊಡುತ್ತಾನೆ. ಹೊರಹಾಕಿದವನಿಗೆ ಪ್ರಾರ್ಥನೆಯಲ್ಲಿ ಪ್ರಸಾದವಾಗಿ ಹಂಚುವ ರೊಟ್ಟಿ, ದ್ರಾಕ್ಷಾರಸ ಕೊಡದಿದ್ದರೆ ಅವನಿಗೆ ಲೌಕಿಕವಾಗಿ ಅನ್ಯಾಯವೇನೂ ಆಗಲಿಲ್ಲ. ಯಾಕೆಂದರೆ ಅದನ್ನು ಕೊಂಡಿದ್ದು ಅವನ ದುಡ್ಡಿನಿಂದಲ್ಲ, ಬೇರೆಯವರ ದುಡ್ಡಿನಿಂದ.

ಬೇರೆಯವರ ದುಡ್ಡಿನಿಂದ. ನಿಮ್ಮ ನಿಧಿಗೆ ಈ ಅಳತೆಗೋಲು ಹಿಡಿಯಿರಿ. ಅದರಲ್ಲಿ 19 ವರ್ಷದ ದುಡ್ಡು ಆ ಸದಸ್ಯರದ್ದೇ. ಸದಸ್ಯತ್ವ ರದ್ದು ಮಾಡುವುದು ಒಂದು ಕ್ರಮ, ಹಣ ಉಳಿಸಿಕೊಳ್ಳುವುದು ಇನ್ನೊಂದು ಕ್ರಮ. ನಿಮ್ಮ ಬೈಲಾ ಎರಡನ್ನೂ ಒಂದು ಅಲ್ಪವಿರಾಮದಲ್ಲಿ ಅಂಟಿಸಿಬಿಟ್ಟಿದೆ. ಎಡವಟ್ಟು ಇರುವುದು ಅಲ್ಲಿ.

ಆದರೆ ಇದು ಅಷ್ಟು ಸಲೀಸಲ್ಲ. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮುಂದೆ ಹೆಚ್ಚುಕಡಿಮೆ ಇಂಥದ್ದೇ ಪ್ರಕರಣ ಬಂತು. ಹಟ್ಟರೈಟರು ಅಂತ ಒಂದು ಕ್ರೈಸ್ತ ಪಂಗಡ. ಅವರ ವಸಾಹತುಗಳಲ್ಲಿ ಯಾರಿಗೂ ಸ್ವಂತ ಆಸ್ತಿ ಇಲ್ಲ, ಹೊಲ, ಮನೆ, ಯಂತ್ರ ಎಲ್ಲವೂ ಎಲ್ಲರದ್ದು. ಮ್ಯಾನಿಟೋಬಾದ ಒಂದು ವಸಾಹತಿನ ಕೆಲವರು ಬೇರೆ ಪಂಗಡ ಸೇರಿದರು, ವಸಾಹತು ಅವರನ್ನು ಹೊರಹಾಕಿತು. ನಮ್ಮ ದುಡಿಮೆಯ ಪಾಲು ಕೊಡಿ ಅಂತ ಅವರು ಕೋರ್ಟಿಗೆ ಹೋದರು. ಕೋರ್ಟು ಕೊಡಲಿಲ್ಲ. ನಿಯಮ ಒಪ್ಪಿ ಸೇರಿದವರು ನೀವೇ ಅಂದಿತು. ಪಿಜನ್ ಎಂಬ ನ್ಯಾಯಮೂರ್ತಿ ಮಾತ್ರ ಭಿನ್ನಮತ ಬರೆದರು: ಧಾರ್ಮಿಕ ಸ್ವಾತಂತ್ರ್ಯ ಅಂದರೆ ಧರ್ಮ ಬದಲಿಸುವ ಸ್ವಾತಂತ್ರ್ಯವೂ ಹೌದು; ಬಿಟ್ಟು ಹೋದರೆ ಎಲ್ಲವೂ ಹೋಗುತ್ತದೆ ಅಂತಾದರೆ ಆ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ.

ನಾನು ಪಿಜನ್ ಕಡೆ. ಆದರೂ ಬಹುಮತದವರ ಕಷ್ಟ ನನಗೆ ಅರ್ಥವಾಗುತ್ತದೆ. ಪ್ರತಿಯೊಬ್ಬರೂ ಹೋಗುವಾಗ ಹೊಲದ ತುಂಡು ಕೇಳಿದರೆ ಕೂಡಿ ಬಾಳುವ ಆ ಬದುಕೇ ಉಳಿಯುವುದಿಲ್ಲ. ಹೋಗುವವರ ಹಕ್ಕು ಉಳಿಯುವವರ ಬದುಕನ್ನು ಒಡೆಯಬಹುದು. ಇದಕ್ಕೆ ಪಾಠಪುಸ್ತಕದ ಪರಿಹಾರ ಇಲ್ಲ. ಆದರೆ ನಿಮ್ಮದು ಹಟ್ಟರೈಟ್ ವಸಾಹತು ಅಲ್ಲ. ನಿಮ್ಮ ಸದಸ್ಯರಿಗೆ ಅವರವರ ಮನೆ, ಕೆಲಸ ಇದೆ. ನಿಧಿಯನ್ನು ಹೊಲದ ಹಾಗೆ ಕತ್ತರಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಬಾಗಿಲು ತೆಗೆದಿಟ್ಟರೆ ಸಾಕು, ಒಳಗೆ ಏನಾದರೂ ಮಾಡಿಕೊಳ್ಳಲಿ ಅನ್ನುವ ಉದಾರವಾದಿಗಳೂ ಇದ್ದಾರೆ. ಚಂದ್ರನ್ ಕುಕಾಥಾಸ್ 1992ರಿಂದ ಈ ವಾದ ಮಾಡುತ್ತಾ ಬಂದಿದ್ದಾರೆ. ಇದಕ್ಕೆ ಗಟ್ಟಿ ಪೆಟ್ಟು ಕೊಟ್ಟವರು ಸ್ತ್ರೀವಾದಿ ಚಿಂತಕಿ ಸೂಸನ್ ಮೋಲರ್ ಓಕಿನ್. ಬಿಟ್ಟು ಹೋಗುವ ಅಗತ್ಯ ಯಾರಿಗೆ ಜಾಸ್ತಿಯೋ ಅವರ ಕೈಯಲ್ಲೇ ಹೋಗುವ ದಾರಿ ಕಡಿಮೆ ಇರುತ್ತದೆ ಅಂದರು ಅವರು. ಓದಿಲ್ಲ, ಸ್ವಂತ ದುಡಿಮೆ ಇಲ್ಲ, ಬೇರೆ ಬದುಕು ಹೇಗಿರುತ್ತದೆ ಅಂತ ಊಹಿಸಲೂ ಬಿಟ್ಟಿಲ್ಲ. ಹಾಗಿರುವ ಹೆಣ್ಣಿಗೆ 'ಬಾಗಿಲು ತೆಗೆದಿದೆ, ಬೇಕಾದರೆ ಹೋಗು' ಅಂದರೆ ಅದು ಎಂಥ ಸ್ವಾತಂತ್ರ್ಯ?

ಇದನ್ನು ಪಾಠ ಮಾಡುವಾಗ ನಾನು 1972ರ ಅಮೆರಿಕದ ಯೋಡರ್ ಪ್ರಕರಣ ಕೊಡುತ್ತೇನೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಆಗ 16 ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಆಮಿಷ್ ಎಂಬ ಕ್ರೈಸ್ತ ಪಂಗಡದ ಪೋಷಕರು ಎಂಟನೇ ತರಗತಿ ಆದಮೇಲೆ ಮಕ್ಕಳನ್ನು ಬಿಡಿಸಿದರು. ಮುಂದೆ ಓದಿದರೆ ನಮ್ಮ ಬದುಕಿನಿಂದ ದೂರ ಹೋಗುತ್ತಾರೆ ಅನ್ನುವುದು ಅವರ ಭಯ. ತಲಾ 5 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟ್ ಪೋಷಕರ ಪರ ತೀರ್ಪು ಕೊಟ್ಟಿತು. ತರಗತಿಯಲ್ಲಿ ಪ್ರತಿ ವರ್ಷ ಇದೇ ಚರ್ಚೆ: ಅರ್ಧ ಜನ ಸರ್ಕಾರದ ಕಡೆ, ಅರ್ಧ ಜನ ಸಮುದಾಯದ ಕಡೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗಂಟೆ ಹೊಡೆಯುವ ಹೊತ್ತಿಗೆ ಕೈ ಎತ್ತಿದಳು. "ಮೇಡಂ, ಆ ಮಕ್ಕಳು ಏನಂದರು?" ಒಂದು ಗಂಟೆ ವಾದ ಮಾಡಿದ್ದ ನಲವತ್ತು ಜನರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಕೇಳಿದ್ದೂ ಅದನ್ನೇ. ಮೂವರು ಮಕ್ಕಳಲ್ಲಿ ಒಬ್ಬಳು ಮಾತ್ರ ಸಾಕ್ಷಿ ಹೇಳಿದ್ದಳು. ಉಳಿದವರನ್ನು ಯಾರೂ ವಿಚಾರಿಸಿರಲಿಲ್ಲ. ಆ ಮಗುವಿಗೆ ಪಿಯಾನೋ ನುಡಿಸುವ ಆಸೆ ಇರಬಹುದು, ಬಾಹ್ಯಾಕಾಶಕ್ಕೆ ಹೋಗುವ ಆಸೆ ಇರಬಹುದು ಅಂತ ಬರೆದರು ಡಗ್ಲಸ್.

'ಸಮುದಾಯ ಹೀಗೆ ಹೇಳುತ್ತದೆ' ಅಂತ ಯಾರಾದರೂ ಅಂದಾಗ ನಾನು ಕಿವಿ ನೆಟ್ಟಗೆ ಮಾಡುವುದು ಇದಕ್ಕೇ. ಸಮುದಾಯ ಮಾತಾಡುವುದಿಲ್ಲ. ಅದರ ಪರವಾಗಿ ಯಾರೋ ಮಾತಾಡುತ್ತಾರೆ.

ಹಾಗಂತ ಸಮುದಾಯಕ್ಕೆ ಏನನ್ನೂ ಕೇಳುವ ಹಕ್ಕೇ ಇಲ್ಲವಾ? ಇದೆ. ಕೆನಡಾದ ವಿಲ್ ಕಿಮ್ಲಿಕಾ 1995ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಸಣ್ಣ ಸಮುದಾಯ ತನ್ನನ್ನು ದೊಡ್ಡ ಸಮಾಜದ ಒತ್ತಡದಿಂದ ಕಾಪಾಡಿಕೊಳ್ಳಲು ಕೇಳುವ ರಕ್ಷಣೆ ಒಂದು ಬಗೆ. ತನ್ನದೇ ಸದಸ್ಯರ ಬಾಯಿ ಕಟ್ಟಲು ಕೇಳುವ ಅಧಿಕಾರ ಇನ್ನೊಂದು ಬಗೆ. ಉದಾರವಾದಿ ಮೊದಲನೆಯದನ್ನು ಒಪ್ಪಬಹುದು, ಎರಡನೆಯದನ್ನು ಒಪ್ಪಬಾರದು ಅನ್ನುತ್ತಾರೆ ಅವರು.

ಎರಡೂ ಬೆರೆತಾಗ ಏನಾಗುತ್ತದೆ ಅಂತ ನೋಡಬೇಕಾದರೆ ಕೆನಡಾದ ಫ್ರೆಂಚ್ ಭಾಷಿಕರ ಪ್ರಾಂತ್ಯ ಕ್ವಿಬೆಕ್ ನೋಡಿ. ಇಂಗ್ಲಿಷ್ ಸಾಗರದ ನಡುವೆ ಫ್ರೆಂಚ್ ಉಳಿಸಲು 1977ರಲ್ಲಿ ಅಲ್ಲಿ ಭಾಷಾ ಕಾಯ್ದೆ ಬಂತು. ಅಂಗಡಿಗಳ ಬೋರ್ಡಿನಲ್ಲಿ ಫ್ರೆಂಚ್ ಮಾತ್ರ ಇರಬೇಕು ಅನ್ನುವುದೂ ಅದರಲ್ಲಿತ್ತು. 1988ರಲ್ಲಿ ಕೆನಡಾ ಸುಪ್ರೀಂ ಕೋರ್ಟ್ ಹೇಳಿತು: ಫ್ರೆಂಚ್ ಎದ್ದು ಕಾಣಬೇಕು ಅನ್ನುವುದು ಸರಿ, ಬೇರೆ ಭಾಷೆ ಇರಲೇಕೂಡದು ಅನ್ನುವುದು ಸರಿಯಲ್ಲ. ಕ್ವಿಬೆಕ್ ಸಂವಿಧಾನದ ಒಂದು ವಿಶೇಷ ಅವಕಾಶ ಬಳಸಿ ನಿಷೇಧ ಮುಂದುವರಿಸಿತು. 1993ರಲ್ಲಿ ವಿಶ್ವಸಂಸ್ಥೆಯ ಸಮಿತಿಯೂ ನಿಷೇಧ ತಪ್ಪು ಅಂದಿತು. ಅದೇ ವರ್ಷ ಕಾಯ್ದೆ ಬದಲಾಯಿತು: ಬೇರೆ ಭಾಷೆ ಇರಬಹುದು, ಆದರೆ ಫ್ರೆಂಚ್ ಎದ್ದು ಕಾಣಬೇಕು. ಮೂಲ ಹಕ್ಕುಗಳನ್ನು ಕಾಪಾಡುವ ಸಮಾಜ ತನ್ನ ಭಾಷೆ ಮುಂದಿನ ಪೀಳಿಗೆಗೂ ಉಳಿಯಲಿ ಅಂತ ಗುರಿ ಇಟ್ಟುಕೊಂಡರೆ ಅದೂ ಉದಾರವಾದವೇ ಅಂತ ಮಾಂಟ್ರಿಯಲ್‌ನವರೇ ಆದ ಟೇಲರ್ 1992ರಲ್ಲಿ ವಾದಿಸಿದ್ದರು. ನನಗೆ ಅದು ಸರಿ ಅನ್ನಿಸುತ್ತದೆ. 'ಎದ್ದು ಕಾಣಲಿ' ಮತ್ತು 'ಬೇರೆ ಇರಕೂಡದು', ಈ ಎರಡರ ನಡುವಿನ ಅಂತರ ಸಣ್ಣದಾಗಿ ಕಾಣುತ್ತದೆ. ಅದನ್ನು ದಾಟಲು ಅಲ್ಲಿನವರಿಗೆ 16 ವರ್ಷ ಬೇಕಾಯಿತು.

ಇನ್ನು ನಿಮ್ಮ ಬೈಲಾ. ಕಾನೂನಿನ ಅಂಶಗಳನ್ನು ವಕೀಲರಿಗೆ ತೋರಿಸಿ. ನಾನು ಹೇಳುವುದು ನ್ಯಾಯದ ಲೆಕ್ಕ.

ಈಗಿರುವ ನಿಯಮವನ್ನೇ ಉಳಿಸಿಕೊಂಡರೆ ಕೆಲಸ ಸುಲಭ. ಸಂಘ ಗಟ್ಟಿಯಾಗಿದೆ ಅನ್ನಿಸುತ್ತದೆ. ಆದರೆ ಬಾಯಿ ಬಿಟ್ಟರೆ ಇಷ್ಟು ವರ್ಷದ ದುಡ್ಡು ಹೋಗುತ್ತದೆ ಅಂತ ಗೊತ್ತಿರುವ ಸಭೆಯಲ್ಲಿ ಎಲ್ಲ ಠರಾವೂ ಅವಿರೋಧವಾಗಿಯೇ ಪಾಸಾಗುತ್ತದೆ. ನಾನೂ ಒಂದು ಸಂಘದಲ್ಲಿ ಇಂಥ ಠರಾವಿಗೆ ಕೈ ಎತ್ತಿದ್ದೇನೆ. ಪಕ್ಕದವರು ಎತ್ತಿದರು, ನಾನೂ ಎತ್ತಿದೆ. ಆಮೇಲೆ ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತಾ ಮೂರು ಜನ ಪಿಸುಗುಟ್ಟಿದ್ದು ಒಂದೇ ಮಾತು: "ನನಗೆ ಸರಿ ಅನ್ನಿಸಿರಲಿಲ್ಲ, ಸುಮ್ನೆ ಎತ್ತಿದೆ." ಮೌನವನ್ನು ಒಗ್ಗಟ್ಟು ಅಂದುಕೊಂಡ ಸಂಘಕ್ಕೆ ತನ್ನ ತಪ್ಪು ಗೊತ್ತಾಗುವುದು ತುಂಬ ತಡವಾಗಿ.

ಹಾಗಂತ ಇನ್ನೊಂದು ತುದಿಗೆ ಹೋಗಿ, ಯಾರು ಯಾವಾಗ ಬಿಟ್ಟರೂ ಕಟ್ಟಿದ್ದೆಲ್ಲ ವಾಪಸ್ ಅಂತ ಬರೆಯಬೇಡಿ. ಅದೂ ಅನ್ಯಾಯವೇ. ಆ 19 ವರ್ಷ ಅವರಿಗೆ ಕಾಯಿಲೆ ಬಂದಿದ್ದರೆ ನಿಧಿ ನೋಡಿಕೊಳ್ಳುತ್ತಿತ್ತು. ಬರಲಿಲ್ಲ ಅಂದರೆ ಆ ಭರವಸೆಗೆ ಬೆಲೆ ಇಲ್ಲ ಅಂತಲ್ಲ. ಅವರು ಕಟ್ಟಿದ್ದರ ಒಂದು ಭಾಗ ಆಗಲೇ ಬೇರೆಯವರ ಆಸ್ಪತ್ರೆ ಖರ್ಚಿಗೆ ಹೋಗಿದೆ, ನಿಮ್ಮದಕ್ಕೂ ಸೇರಿ. ಜೊತೆಗೆ, ಎಲ್ಲ ವಾಪಸ್ ಸಿಗುವುದಾದರೆ ಆರೋಗ್ಯವಾಗಿರುವ ಎಳೆಯರು ಮೊದಲು ಹೊರಡುತ್ತಾರೆ, ನಿಧಿ ಮುಳುಗುತ್ತದೆ. ಬಾಗಿಲು ತೀರಾ ಸಲೀಸಾದರೆ ಬರುವ ಇನ್ನೊಂದು ಕಷ್ಟವನ್ನು 1970ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ ತೋರಿಸಿದರು. ನೈಜೀರಿಯಾದಲ್ಲಿ ಲಾರಿಗಳ ಪೈಪೋಟಿ ಬಂದರೂ ರೈಲ್ವೆ ಯಾಕೆ ಸುಧಾರಿಸಲಿಲ್ಲ ಅನ್ನುವುದು ಅವರನ್ನು ಕಾಡಿದ ಪ್ರಶ್ನೆ. ಗಟ್ಟಿಯಾಗಿ ದೂರು ಕೊಡಬಲ್ಲ ಗಿರಾಕಿಗಳು ಮೊದಲೇ ಲಾರಿಗೆ ಹೋಗಿಬಿಟ್ಟಿದ್ದರು. ಉಳಿದವರ ದನಿ ಯಾರಿಗೂ ಕೇಳಲಿಲ್ಲ.

ನಾನು ಬರೆಯುವುದಾದರೆ ವಂತಿಗೆಯನ್ನು ಎರಡು ಭಾಗ ಮಾಡುತ್ತೇನೆ. ನೆರವಿನ ಭಾಗ ವಾಪಸ್ ಇಲ್ಲ, ಆ ತಿಂಗಳ ರಕ್ಷಣೆಗೆ ಅದು ಸಂದಾಯವಾಯಿತು. ಉಳಿತಾಯದ ಭಾಗ ಸದಸ್ಯರದ್ದೇ. ಬಿಟ್ಟು ಹೋದರೂ, ಹೊರಹಾಕಿದರೂ ಕಂತಿನಲ್ಲಿ ವಾಪಸ್. ಹಳೆಯ ವಂತಿಗೆಗೆ ಎಷ್ಟು ಅಂತ ಲೆಕ್ಕ ಹಾಕಲು ನಿಮ್ಮ ಖಜಾಂಚಿ ಕೂರಬೇಕಾಗುತ್ತದೆ, ಬೈಗುಳವೂ ಬೀಳಬಹುದು. 'ಒಗ್ಗಟ್ಟಿಗೆ ಧಕ್ಕೆ' ಅನ್ನುವ ಪದವನ್ನು ಪೂರ್ತಿ ತೆಗೆದುಹಾಕಿ. ಅದರ ಜಾಗಕ್ಕೆ ನಿಜವಾದ ತಪ್ಪುಗಳನ್ನು ಹೆಸರಿಟ್ಟು ಬರೆಯಿರಿ: ನಿಧಿಯ ದುರುಪಯೋಗ, ಸುಳ್ಳು ದಾಖಲೆ ಕೊಟ್ಟು ನೆರವು ಪಡೆಯುವುದು, ಇನ್ನೊಬ್ಬ ಸದಸ್ಯರ ಕಾಯಿಲೆಯ ವಿವರ ಹೊರಗೆ ಹೇಳುವುದು. ಸಂಘದ ನಿರ್ಧಾರ ತಪ್ಪು ಅಂತ ಹೇಳುವುದು ಆ ಪಟ್ಟಿಯಲ್ಲಿ ಇರಕೂಡದು, ಹೊರಗೆ ಹೇಳಿದರೂ ಸರಿ. ಹೊರಹಾಕುವ ಮೊದಲು ಕಾರಣ ಬರೆದುಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು. ದೂರು ಕೊಟ್ಟವರೇ ತೀರ್ಮಾನಕ್ಕೆ ಕೂರಬಾರದು, ಮತ ಗುಪ್ತವಾಗಿರಬೇಕು. ಚಪ್ಪಲಿ ಹುಡುಕುವಾಗ ಹೇಳುವ ಮಾತನ್ನು ಚೀಟಿಯಲ್ಲಿ ಬರೆಯಲು ಆಗಬೇಕು, ಅಷ್ಟೇ.

ಇದರಲ್ಲೂ ತೊಂದರೆ ಇದೆ. ಟೀಕೆ ಅನ್ನುವ ಹೆಸರಿನಲ್ಲಿ ಹಳೇ ದ್ವೇಷ ತೀರಿಸಿಕೊಳ್ಳುವವರು ಸಿಗುತ್ತಾರೆ. ಸಭೆಗಳು ಉದ್ದವಾಗುತ್ತವೆ. ಗುಂಪುಗಾರಿಕೆ ಮೊದಲು ಒಳಗೊಳಗೇ ಇದ್ದದ್ದು ಈಗ ಎದುರಿಗೆ ಬರುತ್ತದೆ. ಕೆಲವು ತಿಂಗಳು ನಿಮಗೇ 'ಹಳೇದೇ ಚೆನ್ನಾಗಿತ್ತು' ಅನ್ನಿಸಬಹುದು. ನನ್ನ ಅನುಭವದಲ್ಲಿ ಅದು ಒಂದೆರಡು ಸರ್ವಸದಸ್ಯರ ಸಭೆ ಕಳೆಯುವವರೆಗೆ ಇರುತ್ತದೆ.

ಆ ಹಿರಿಯರನ್ನು ಕರಡು ಸಮಿತಿಗೆ ಸೇರಿಸಿಕೊಳ್ಳಿ. ನಗಿಸಿ ಬಾಯಿ ಮುಚ್ಚಿಸಿದರು ಅಂತ ದೂರ ಇಡಬೇಡಿ. ನಿಧಿ ಮುಳುಗದ ಹಾಗೆ ನೋಡಿಕೊಳ್ಳುವ ಕಾಳಜಿ ಅವರಿಗೆ ನಿಮಗಿಂತ ಜಾಸ್ತಿ ಇರಬಹುದು. ಉಳಿತಾಯದ ಭಾಗ ಎಷ್ಟಿರಬೇಕು ಅಂತ ಚೌಕಾಸಿ ಮಾಡಲು ಅಂಥವರೇ ಬೇಕು. ಕರಡು ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ಹೊರಹಾಕಿದ ಆ ಸದಸ್ಯರಿಗೂ ಕಳಿಸಿ, ಅಭಿಪ್ರಾಯ ಕೇಳಿ. ಅವರೀಗ ಸದಸ್ಯರೇ ಅಲ್ಲವಲ್ಲ ಅಂತ ಸಭೆಯಲ್ಲಿ ಯಾರಾದರೂ ಎದ್ದು ಕೇಳುತ್ತಾರೆ. ಈ ನಿಯಮ ತಗುಲಿದ್ದು ಇಲ್ಲಿಯವರೆಗೆ ಅವರೊಬ್ಬರಿಗೇ ಅಂತ ಹೇಳಿ.